ದಾಖಲೆಯಲ್ಲಿ ಇಲ್ಲದ ಭೂಕಂಪಗಳನ್ನು ಲೆಕ್ಕ ಹಾಕುವುದು ಹೇಗೆ?

2024ರ ಜನವರಿಯಲ್ಲಿ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ತನ್ನ ಭೂಕಂಪ ಅಪಾಯದ ನಕ್ಷೆಯನ್ನು ಹೊಸದಾಗಿ ಪ್ರಕಟಿಸಿತು. ದೇಶದ ಸುಮಾರು ಮುಕ್ಕಾಲು ಭಾಗದಲ್ಲಿ ಹಾನಿ ಮಾಡುವಂಥ ಕಂಪನ ಆಗಬಹುದು ಎಂಬುದು ಅದರ ಸಾರಾಂಶ. ಅದನ್ನು ಓದಿದ ಅನೇಕರಿಗೆ ಗೊಂದಲವಾಯಿತು. ಯಾಕೆಂದರೆ ಆ ಮುಕ್ಕಾಲು ಭಾಗದಲ್ಲಿ ಎಷ್ಟೋ ಊರುಗಳ ಜನ ದೊಡ್ಡ ಭೂಕಂಪವನ್ನು ಕಂಡವರೂ ಅಲ್ಲ, ಹಿರಿಯರಿಂದ ಕೇಳಿದವರೂ ಅಲ್ಲ.

ಯಾವ ದೇಶದಲ್ಲಿ ಇಂಥ ನಕ್ಷೆ ಬದಲಾದರೂ ಇದೇ ಪ್ರಶ್ನೆ ಏಳುತ್ತದೆ. ನಮ್ಮಲ್ಲಿ ಯಾವತ್ತೂ ಆಗಿಲ್ಲವಲ್ಲ, ಈಗ ಅಪಾಯ ಎಲ್ಲಿಂದ ಬಂತು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರೊಳಗೆ ಒಂದು ನಂಬಿಕೆ ಅಡಗಿದೆ. ಬರೆದಿಟ್ಟಿಲ್ಲ ಎಂದರೆ ಆಗಿಲ್ಲ ಎಂಬ ನಂಬಿಕೆ ಅದು. ಈ ನಂಬಿಕೆಗೆ ಜನ ತೆತ್ತ ಬೆಲೆ ದೊಡ್ಡದು. ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ಆಗ ಜಾರಿಯಲ್ಲಿದ್ದ ನಕ್ಷೆಯಲ್ಲಿ ಆ ಪ್ರದೇಶ ಇದ್ದದ್ದು ಅತಿ ಕಡಿಮೆ ಅಪಾಯದ ವಲಯದಲ್ಲಿ.

ಹಾಗಾದರೆ ದಾಖಲೆಯ ಖಾಲಿ ಜಾಗವನ್ನು ಹೇಗೆ ಓದಬೇಕು? ಅಲ್ಲಿ ಏನೂ ನಡೆದಿಲ್ಲ ಎಂದೇ, ಬರೆಯುವವರು ಇರಲಿಲ್ಲ ಎಂದೇ? ಇದಕ್ಕೆ ಸಂಶೋಧಕರು ಒಂದು ಲೆಕ್ಕ ಕಟ್ಟಿದ್ದಾರೆ. ಆ ಲೆಕ್ಕದ ಬಗ್ಗೆ ಜಗಳವೂ ಇದೆ.

ಊರಿಗೊಂದು ಪಟ್ಟಿ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಸುದ್ದಿಯಲ್ಲಿ 6.2, 7.7 ಎಂದು ಬರುವ ಸಂಖ್ಯೆ ಮ್ಯಾಗ್ನಿಟ್ಯೂಡ್. ಅದು ಭೂಕಂಪ ಎಷ್ಟು ದೊಡ್ಡದು ಎಂದು ಹೇಳುತ್ತದೆ. ಒಂದು ಭೂಕಂಪಕ್ಕೆ ಅದು ಒಂದೇ. ಆದರೆ ಒಂದೊಂದು ಊರಿಗೆ ಬಿದ್ದ ಪೆಟ್ಟು ಒಂದೊಂದು ತರಹ. ಆ ಪೆಟ್ಟನ್ನು ಅಳೆಯುವುದು ತೀವ್ರತೆ. ಅದಕ್ಕೆ 12 ಹಂತಗಳ ಮಾಪನ ಇದೆ. ಕೆಳಗಿನ ಹಂತದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. 5ನೇ ಹಂತದಲ್ಲಿ ಮಲಗಿದವರು ಎದ್ದು ಕೂರುತ್ತಾರೆ. 7ರಲ್ಲಿ ಗೋಡೆ ಬಿರುಕು ಬಿಡುತ್ತದೆ, ಕಚ್ಚಾ ಮನೆಗಳಿಗೆ ದೊಡ್ಡ ಹಾನಿ ಆಗುತ್ತದೆ. 10 ದಾಟಿದರೆ ಊರೇ ನೆಲಸಮ.

ದೂರ ಹೆಚ್ಚಾದಂತೆ ಪೆಟ್ಟು ಕಡಿಮೆ ಆಗುತ್ತದೆ, ಆದರೆ ಎಲ್ಲ ಕಡೆ ಒಂದೇ ರೀತಿ ಅಲ್ಲ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೊದ ಕರಾವಳಿಯಲ್ಲಿ ಭೂಕಂಪ ಆಯಿತು. 350 ಕಿಲೋಮೀಟರ್‌ಗೂ ಹೆಚ್ಚು ದೂರದ ಮೆಕ್ಸಿಕೊ ನಗರದಲ್ಲಿ ನೂರಾರು ಕಟ್ಟಡಗಳು ಕುಸಿದವು. ಆ ನಗರದ ಬಹುಭಾಗ ಹಳೆಯ ಕೆರೆಯ ಮೆದು ಮಣ್ಣಿನ ಮೇಲೆ ನಿಂತಿದೆ. ಆ ಮಣ್ಣು ಕಂಪನವನ್ನು ಹಲವು ಪಟ್ಟು ಹೆಚ್ಚಿಸಿತು. 2001ರ ಭುಜ್ ಭೂಕಂಪದಲ್ಲೂ 200 ಕಿಲೋಮೀಟರ್ ಆಚೆಯ ಅಹಮದಾಬಾದಿನ ಬಹುಮಹಡಿ ಕಟ್ಟಡಗಳು ಬಿದ್ದವು.

ಹೀಗಾಗಿ ಊರಿನಲ್ಲಿ ವಾಸಿಸುವವರಿಗೆ ಬೇಕಾದದ್ದು ಭೂಕಂಪಗಳ ಪಟ್ಟಿ ಅಲ್ಲ. ಇದೇ ಊರಿಗೆ ಯಾವ ಯಾವ ವರ್ಷ ಎಷ್ಟು ಪೆಟ್ಟು ಬಿತ್ತು ಎಂಬ ಪಟ್ಟಿ. ಇದಕ್ಕೆ ಸ್ಥಳದ ಭೂಕಂಪ ಇತಿಹಾಸ ಎನ್ನಬಹುದು. ಈ ಕೆಲಸದಲ್ಲಿ ಇಟಲಿ ತುಂಬ ಮುಂದಿದೆ. ಅಲ್ಲಿನ ದತ್ತಾಂಶ ಸಂಗ್ರಹ ಕ್ರಿಸ್ತಶಕ 1000ದಿಂದ ಶುರುವಾಗುತ್ತದೆ. ಅದರಲ್ಲಿ ಇಂಥ ಊರು, ಇಂಥ ದಿನ, ಇಷ್ಟು ತೀವ್ರತೆ ಎಂಬ 1,20,000ಕ್ಕೂ ಹೆಚ್ಚು ನಮೂದುಗಳಿವೆ. ಇಷ್ಟಿದ್ದರೂ ಹೆಚ್ಚಿನ ಸಣ್ಣ ಊರುಗಳ ಪಟ್ಟಿಯಲ್ಲಿ ಶತಮಾನಗಟ್ಟಲೆ ಏನೂ ಇಲ್ಲ.

ಆ ಖಾಲಿಯಲ್ಲಿ ಎರಡು ಬಗೆ. ಒಂದು, ಭೂಕಂಪ ಆದದ್ದೇ ಯಾರಿಗೂ ಗೊತ್ತಿಲ್ಲ. ಇನ್ನೊಂದು, ಭೂಕಂಪ ಗೊತ್ತು, ದೊಡ್ಡ ಪಟ್ಟಣಗಳ ವಿವರವೂ ಇದೆ, ಆದರೆ ಪಕ್ಕದ ಹಳ್ಳಿಗೆ ಏನಾಯಿತು ಎಂದು ಯಾರೂ ಬರೆದಿಲ್ಲ. ಎರಡನೆಯದು ಜಾಸ್ತಿ ಸಾಮಾನ್ಯ. ಅದನ್ನು ಲೆಕ್ಕದಿಂದ ತುಂಬಿಸುವುದೂ ಹೆಚ್ಚು ಸಾಧ್ಯ.

ಬರೆಯುವವರು ಯಾರಿದ್ದರು?

ದೂರದ ಭೂಕಂಪವೊಂದು ಉಪಕರಣದಲ್ಲಿ ಮೊದಲ ಸಲ ದಾಖಲಾದದ್ದು 1889ರಲ್ಲಿ. ಜಪಾನಿನ ಕಂಪನ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಗೆರೆಯಾಗಿ ಮೂಡಿತು. ಜಗತ್ತಿನ ಎಲ್ಲೆಡೆ ಒಂದೇ ಮಟ್ಟದ ಉಪಕರಣಗಳ ಜಾಲ ಬಂದದ್ದು 1960ರ ದಶಕದಲ್ಲಿ. ಅದಕ್ಕೂ ಹಿಂದಿನದೆಲ್ಲ ಮನುಷ್ಯರು ಕಂಡು ಬರೆದದ್ದನ್ನೇ ಅವಲಂಬಿಸಿದೆ. ಇನ್ನೊಂದೆಡೆ, ನೆಲದೊಳಗಿನ ಒಂದೇ ಬಿರುಕಿನಲ್ಲಿ ಎರಡು ದೊಡ್ಡ ಭೂಕಂಪಗಳ ನಡುವೆ ನೂರಾರು ವರ್ಷ, ಕೆಲವೆಡೆ ಸಾವಿರಾರು ವರ್ಷ ಅಂತರ ಇರುತ್ತದೆ. ಉಪಕರಣಗಳ ನೂರು ಚಿಲ್ಲರೆ ವರ್ಷ ಅದಕ್ಕೆ ಸಾಲದು. ಹಳೆಯ ಕಾಗದವನ್ನು ಬಿಟ್ಟು ಬೇರೆ ದಾರಿ ಇಲ್ಲ.

ಕಾಗದಕ್ಕೆ ಅದರದೇ ಪಕ್ಷಪಾತ ಇದೆ. ಬರೆಯುವವರು ರಾಜಧಾನಿಯಲ್ಲಿ, ಮಠ ಚರ್ಚುಗಳಲ್ಲಿ, ಬಂದರುಗಳಲ್ಲಿ ಇದ್ದರು. ಅರಮನೆಯ ಗೋಪುರ ಬಿದ್ದರೆ ಅದು ಇತಿಹಾಸ. ಇಪ್ಪತ್ತು ಮನೆಯ ಹಳ್ಳಿ ಮಣ್ಣಾದರೆ ಸುದ್ದಿ ಅಲ್ಲಿಗೇ ಮುಗಿಯುತ್ತಿತ್ತು. ಬರೆದವರಿಗೂ ಒಂದು ಉದ್ದೇಶ ಇರುತ್ತಿತ್ತು. ತೆರಿಗೆ ಮಾಫಿ ಬೇಕಾದ ಊರು ಹಾನಿಯನ್ನು ವಿವರವಾಗಿ ಬರೆಯಿತು. ಬೇಡಿಕೆ ಇಲ್ಲದ ಊರು ಸುಮ್ಮನಿತ್ತು. ಯುದ್ಧ, ಬರ, ಪಿಡುಗು ಇದ್ದ ಕಾಲದಲ್ಲಿ ಗೋಡೆಯ ಬಿರುಕಿನ ಬಗ್ಗೆ ಯಾರು ಬರೆಯುತ್ತಾರೆ?

ಒಂದು ಭೂಕಂಪ ಇನ್ನೊಂದನ್ನು ಮುಚ್ಚಿಹಾಕುವುದೂ ಉಂಟು. 1703ರಲ್ಲಿ ಮಧ್ಯ ಇಟಲಿಯಲ್ಲಿ ಜನವರಿ 14ಕ್ಕೆ ನಾರ್ಚಿಯಾ ಕಡೆ ಒಂದು ದೊಡ್ಡ ಭೂಕಂಪ, ಫೆಬ್ರುವರಿ 2ಕ್ಕೆ ಲಾಕ್ವಿಲಾ ಕಡೆ ಇನ್ನೊಂದು. ನಡುವಿನ ಹಳ್ಳಿಗಳಲ್ಲಿ ಯಾವ ಮನೆ ಯಾವ ದಿನ ಬಿತ್ತು ಎಂದು ಬೇರ್ಪಡಿಸುವುದು ಕಷ್ಟ. ಒಟ್ಟು ಹಾನಿಯನ್ನು ಒಂದಕ್ಕೇ ಹಾಕಿದರೆ ಅದರ ಗಾತ್ರ ಉಬ್ಬುತ್ತದೆ, ಇನ್ನೊಂದರ ಗುರುತು ಮಾಸುತ್ತದೆ.

ಜನವಸತಿಯೇ ಇಲ್ಲದ ಕಡೆ ಕಥೆ ಇನ್ನೂ ಕಷ್ಟ. ಅಮೆರಿಕದ ನಡುಭಾಗದ ನ್ಯೂ ಮ್ಯಾಡ್ರಿಡ್‌ನಲ್ಲಿ 1811ರ ಡಿಸೆಂಬರ್‌ನಿಂದ 1812ರ ಫೆಬ್ರುವರಿವರೆಗೆ ಮೂರು ದೊಡ್ಡ ಭೂಕಂಪಗಳಾದವು. ಸಿಕ್ಕಿರುವ ವರದಿಗಳು ಬಹುಪಾಲು ಮಿಸಿಸಿಪ್ಪಿ ನದಿಯ ಪೂರ್ವದವು. ಪಶ್ಚಿಮದಲ್ಲಿ ಬರೆಯುವ ಜನ ತೀರಾ ಕಡಿಮೆ. ಅರ್ಧ ನಕ್ಷೆ ಖಾಲಿ ಇರುವುದರಿಂದ ಆ ಭೂಕಂಪಗಳ ಮ್ಯಾಗ್ನಿಟ್ಯೂಡ್ ಬಗ್ಗೆ ಇವತ್ತಿಗೂ ಒಮ್ಮತ ಇಲ್ಲ. 7ರ ಆಸುಪಾಸು ಎನ್ನುವವರಿಂದ ಹಿಡಿದು 8ರ ಹತ್ತಿರ ಎನ್ನುವವರವರೆಗೆ ಇದ್ದಾರೆ. ಒಂದು ಮ್ಯಾಗ್ನಿಟ್ಯೂಡ್ ಎಂದರೆ ಶಕ್ತಿಯಲ್ಲಿ ಸುಮಾರು 32 ಪಟ್ಟು ವ್ಯತ್ಯಾಸ. ಎರಡು ಶತಮಾನದ ಹಿಂದೆ ಬರೆಯುವವರು ಇಲ್ಲದೆ ಹೋದದ್ದು ಇವತ್ತಿನ ನಕ್ಷೆಯ ಬಣ್ಣವನ್ನು ಬದಲಿಸುತ್ತದೆ ಎಂದರೆ ಇದೇ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1755ರ ನವೆಂಬರ್ 1ರಂದು ಲಿಸ್ಬನ್ ನಾಶವಾದಾಗ ಪೋರ್ಚುಗಲ್ ಸರ್ಕಾರ ಪ್ರತಿ ಪ್ಯಾರಿಷ್‌ಗೆ ಅಂದರೆ ಪ್ರತಿ ಚರ್ಚಿನ ವ್ಯಾಪ್ತಿಗೆ ಪ್ರಶ್ನಾವಳಿ ಕಳಿಸಿತು. ಎಷ್ಟು ಹೊತ್ತು ನಡುಗಿತು, ಎಷ್ಟು ಮನೆ ಬಿತ್ತು, ಸಮುದ್ರ ಏನು ಮಾಡಿತು ಎಂದು ಕೇಳಿತು. ಸ್ಪೇನ್ ಕೂಡ ಹಾಗೇ ಮಾಡಿತು. ಆದ್ದರಿಂದ ಆ ಒಂದು ಭೂಕಂಪಕ್ಕೆ ನೂರಾರು ಸಣ್ಣ ಊರುಗಳ ಉತ್ತರ ಸಿಗುತ್ತದೆ. ಯಾರೋ ಕೇಳಿದ್ದರಿಂದ ದಾಖಲೆ ಹುಟ್ಟಿತು. ಕೇಳದೆ ಇದ್ದ ವರ್ಷಗಳಲ್ಲಿ ಹುಟ್ಟಲಿಲ್ಲ.

ಇಲ್ಲದ ಭೂಕಂಪವೂ ಪಟ್ಟಿ ಸೇರುತ್ತದೆ

ಕೊರತೆ ತುಂಬಿಸುವ ಮೊದಲು ಇರುವುದನ್ನು ಶುದ್ಧ ಮಾಡಬೇಕು. 1737ರಲ್ಲಿ ಕಲ್ಕತ್ತೆಯಲ್ಲಿ ಭೂಕಂಪವಾಗಿ 3 ಲಕ್ಷ ಜನ ಸತ್ತರು ಎಂಬ ಮಾತು ಬಹುಕಾಲ ಜಗತ್ತಿನ ಅತಿ ಭೀಕರ ಭೂಕಂಪಗಳ ಪಟ್ಟಿಯಲ್ಲಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿ ಆದದ್ದು ಭಾರಿ ಚಂಡಮಾರುತ. 1990ರ ದಶಕದಲ್ಲಿ ಭೂಕಂಪ ತಜ್ಞ ರೋಜರ್ ಬಿಲ್ಹಮ್ ಮೂಲ ದಾಖಲೆಗಳನ್ನು ತಡಕಿ ಇದನ್ನು ತೋರಿಸಿದರು. ಆಗಿನ ಕಲ್ಕತ್ತೆಯಲ್ಲಿ 3 ಲಕ್ಷ ಜನವೇ ಇರಲಿಲ್ಲ.

1505ರದು ಇನ್ನೊಂದು ರೀತಿಯ ತಪ್ಪು. ಆ ವರ್ಷ ಹಿಮಾಲಯದಲ್ಲಿ ಒಂದು ದೊಡ್ಡ ಭೂಕಂಪ ಆಯಿತು. ಸುಮಾರು ಒಂದು ತಿಂಗಳ ನಂತರ ಕಾಬೂಲ್ ಬಳಿ ಇನ್ನೊಂದು ಆಯಿತು. ಕಾಬೂಲಿನದನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮುಂದಿನವರು ಎರಡನ್ನೂ ಒಂದೇ ಎಂದುಕೊಂಡರು. ಟಿಬೆಟ್ ಕಡೆಯ ದಾಖಲೆಗಳನ್ನು ಓದಿದ ಮೇಲಷ್ಟೇ ಬೇರೆ ಬೇರೆ ಎಂದು ಗೊತ್ತಾಯಿತು. ಹಿಮಾಲಯದಲ್ಲಿ ಎಷ್ಟು ಶತಮಾನಕ್ಕೊಮ್ಮೆ ದೊಡ್ಡ ಭೂಕಂಪ ಆಗುತ್ತದೆ ಎಂಬ ಲೆಕ್ಕಕ್ಕೆ ಈ ಒಂದು ತಿದ್ದುಪಡಿ ಬಹಳ ಮುಖ್ಯ.

ಪಂಚಾಂಗವೂ ತೊಡಕು ಮಾಡುತ್ತದೆ. ಹಳೆಯ ಜೂಲಿಯನ್ ಕ್ಯಾಲೆಂಡರಿನ ದಿನಾಂಕ ಒಂದು ಕಡೆ, ಈಗಿನ ಗ್ರೆಗೋರಿಯನ್ ಕ್ಯಾಲೆಂಡರಿನ ದಿನಾಂಕ ಇನ್ನೊಂದು ಕಡೆ ಬರೆದಿದ್ದರೆ ಒಂದೇ ಭೂಕಂಪ ಎರಡಾಗುತ್ತದೆ. ಹಳೆಯ ಇಟಲಿಯಲ್ಲಿ ಗಂಟೆಗಳನ್ನು ಸೂರ್ಯಾಸ್ತದಿಂದ ಎಣಿಸುತ್ತಿದ್ದರು. ಅದನ್ನು ಮರೆತರೆ ದಿನವೇ ತಪ್ಪುತ್ತದೆ.

ಎಷ್ಟು ತಪ್ಪಿಹೋಗಿದೆ ಎಂದು ಅಳೆಯುವುದು

ಇಲ್ಲಿಂದ ಮುಂದೆ ಲೆಕ್ಕ. ಕಷ್ಟದ್ದೇನಲ್ಲ, ನಿಧಾನವಾಗಿ ನೋಡಿದರೆ ಸಾಕು.

ಮೊದಲ ದಾರಿ ಇಡೀ ಪ್ರದೇಶದ್ದು. ಭೂಕಂಪಗಳಿಗೆ ಒಂದು ಸ್ವಭಾವ ಇದೆ. ಮ್ಯಾಗ್ನಿಟ್ಯೂಡ್ ಒಂದು ಕಡಿಮೆ ಆದರೆ ಸಂಖ್ಯೆ ಸುಮಾರು ಹತ್ತು ಪಟ್ಟು ಹೆಚ್ಚು. 6ರ ಗಾತ್ರದ್ದು ಒಂದು ಆದರೆ 5ರ ಗಾತ್ರದ್ದು ಹತ್ತರಷ್ಟು. ಗುಟೆನ್‌ಬರ್ಗ್ ಮತ್ತು ರಿಕ್ಟರ್ ಎಂಬ ವಿಜ್ಞಾನಿಗಳು ಗುರುತಿಸಿದ ಈ ಸಂಬಂಧ ಬಹುತೇಕ ಎಲ್ಲ ಕಡೆ ಕಾಣುತ್ತದೆ. ಒಂದು ಶತಮಾನದ ಪಟ್ಟಿಯಲ್ಲಿ 6ರವು ನಾಲ್ಕಿದ್ದು 5ರವೂ ನಾಲ್ಕೇ ಇದ್ದರೆ ಸಣ್ಣವು ತಪ್ಪಿಹೋಗಿವೆ ಎಂದೇ ಅರ್ಥ.

ಕಾಲದ ಮೇಲೂ ಇದೇ ಪರೀಕ್ಷೆ ಮಾಡಬಹುದು. ಕಳೆದ 100 ವರ್ಷದ ಒಳ್ಳೆಯ ದಾಖಲೆಯಲ್ಲಿ ಒಂದು ಗಾತ್ರದ ಭೂಕಂಪ 10 ಇದೆ ಎಂದುಕೊಳ್ಳೋಣ. ಭೂಮಿಯ ನಡವಳಿಕೆ ಬದಲಾಗಿಲ್ಲ ಎಂದಾದರೆ ಅದರ ಹಿಂದಿನ 300 ವರ್ಷದಲ್ಲಿ ಸುಮಾರು 30 ಇರಬೇಕು. ಸಿಕ್ಕಿದ್ದು 6. ಅಂದರೆ ಆ ಕಾಲದ ದಾಖಲೆ ಐದರಲ್ಲಿ ಒಂದನ್ನಷ್ಟೇ ಹಿಡಿದಿದೆ. ಯಾವ ವರ್ಷದಿಂದ ಈಚೆಗೆ ಯಾವ ಗಾತ್ರದ್ದು ತಪ್ಪದೆ ದಾಖಲಾಗಿದೆ ಎಂದು ಹೀಗೆ ಗೆರೆ ಎಳೆಯುತ್ತಾರೆ. ದೊಡ್ಡದಕ್ಕೆ ಆ ಗೆರೆ ಹಿಂದೆ ಹೋಗುತ್ತದೆ, ಸಣ್ಣದಕ್ಕೆ ಇತ್ತೀಚೆಗೆ ಬಂದು ನಿಲ್ಲುತ್ತದೆ.

ಎರಡನೆಯ ದಾರಿ ಊರಿನದ್ದು. ಇದೇ ಹೆಚ್ಚು ಕುತೂಹಲದ್ದು. ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದೆ ಗೈರು ಎಂದು ಬರೆದಿರುವುದು ಬೇರೆ, ಆ ತಿಂಗಳ ಹಾಳೆಯೇ ಹರಿದುಹೋಗಿರುವುದು ಬೇರೆ. ಎರಡರಲ್ಲೂ ಹಾಜರಿಯ ಗುರುತು ಕಾಣುವುದಿಲ್ಲ, ಆದರೆ ಅರ್ಥ ಒಂದೇ ಅಲ್ಲ. ಊರಿನ ಇತಿಹಾಸದಲ್ಲೂ ಯಾವುದು ಗೈರು, ಯಾವುದು ಹರಿದ ಹಾಳೆ ಎಂದು ಗುರುತಿಸಬೇಕು.

ಹೇಗೆ? ಒಂದು ಉದಾಹರಣೆ ಕಟ್ಟೋಣ. 1600ರ ದಶಕದಲ್ಲಿ ಒಂದು ದೊಡ್ಡ ಭೂಕಂಪ ಆಗಿದೆ, ಅದರ ಸ್ಥಳ ಗಾತ್ರ ಗೊತ್ತಿದೆ. 60 ಕಿಲೋಮೀಟರ್ ಆಚೆ ಒಂದು ಊರು. ಆ ಊರಿನ ಬಗ್ಗೆ ಒಂದು ಸಾಲೂ ಇಲ್ಲ. ದೂರ ಹೆಚ್ಚಾದಂತೆ ತೀವ್ರತೆ ಹೇಗೆ ಇಳಿಯುತ್ತದೆ ಎಂಬ ಸೂತ್ರ, ಚೆನ್ನಾಗಿ ದಾಖಲಾದ ಸಾವಿರಾರು ನಮೂದುಗಳಿಂದ ಸಿಗುತ್ತದೆ. ಆ ಸೂತ್ರ ಒಂದೇ ಉತ್ತರ ಕೊಡುವುದಿಲ್ಲ. ಮಣ್ಣು, ಬಂಡೆ, ಬಿರುಕಿನ ದಿಕ್ಕು ಎಲ್ಲ ಸೇರಿ ಒಂದು ಹಂತ ಆಚೆ ಈಚೆ ಆಗುತ್ತದೆ. ಹೀಗಾಗಿ ಉತ್ತರ ಸಾಧ್ಯತೆಯ ರೂಪದಲ್ಲಿರುತ್ತದೆ. ಈ ಊರಿಗೆ 7 ಅಥವಾ ಅದಕ್ಕೂ ಮೇಲಿನ ತೀವ್ರತೆ ತಟ್ಟಿರುವ ಸಾಧ್ಯತೆ 50 ಪ್ರತಿಶತ ಎಂದು ಬಂತೆನ್ನೋಣ.

ಈಗ ಮೌನವನ್ನು ತೂಗಬೇಕು. ಆ ಊರಿನಲ್ಲಿ ಆಗ ಬಿಷಪ್ ಇದ್ದರು, ವರ್ಷ ವರ್ಷದ ಕಡತ ತಪ್ಪದೆ ಉಳಿದಿದೆ, ರಿಪೇರಿ ಖರ್ಚಿನ ಲೆಕ್ಕವೂ ಇದೆ ಎಂದುಕೊಳ್ಳಿ. ಗೋಡೆ ಬಿರುಕು ಬಿಟ್ಟಿದ್ದರೆ ಅದು ದಾಖಲಾಗುವ ಸಾಧ್ಯತೆ 90 ಪ್ರತಿಶತ. ಆದರೂ ಏನೂ ಬರೆದಿಲ್ಲ. ಇಂಥ 100 ಊರುಗಳಿದ್ದರೆ 50ಕ್ಕೆ ಪೆಟ್ಟು ತಟ್ಟಿರುತ್ತದೆ, ಅವುಗಳಲ್ಲಿ 5 ಮಾತ್ರ ಮೌನವಾಗಿರುತ್ತವೆ; ಪೆಟ್ಟು ತಟ್ಟದ 50 ಊರುಗಳೂ ಮೌನವೇ. ಮೌನವಾದ 55ರಲ್ಲಿ ಪೆಟ್ಟು ತಿಂದವು 5. ಹೀಗೆ 7 ತಟ್ಟಿರುವ ಸಾಧ್ಯತೆ 50ರಿಂದ 9 ಪ್ರತಿಶತಕ್ಕೆ ಇಳಿಯುತ್ತದೆ. ಮೌನ ಇಲ್ಲಿ ನಿಜಕ್ಕೂ ಸಾಕ್ಷಿ ಹೇಳಿತು.

ಅದೇ ಊರು ಗುಡ್ಡದ ಮೇಲಿನ ಸಣ್ಣ ಹಳ್ಳಿ ಆಗಿದ್ದು, ಏನಾದರೂ ಆದರೆ ದಾಖಲಾಗುವ ಸಾಧ್ಯತೆ 20 ಪ್ರತಿಶತ ಮಾತ್ರ ಎಂದಿದ್ದರೆ? ಆಗ 50 ಇಳಿಯುವುದು 44ಕ್ಕೆ. ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಇಲ್ಲಿ ಮೌನ ಏನನ್ನೂ ಹೇಳಲಿಲ್ಲ. ಎರಡೂ ಊರಿನ ಪುಟ ನೋಡಲು ಒಂದೇ ತರಹ ಖಾಲಿ. ಒಳಗಿನ ತೂಕ ಮಾತ್ರ ಐದು ಪಟ್ಟು ಬೇರೆ.

ಗೊತ್ತಿರುವ ಪ್ರತಿ ಹಳೆಯ ಭೂಕಂಪಕ್ಕೂ ಹೀಗೆ ಮಾಡಿ ಸಾಧ್ಯತೆಗಳನ್ನು ಕೂಡಿಸುತ್ತಾರೆ. ಆ ಹಳ್ಳಿಗೆ ಇಂಥ ಐದು ಭೂಕಂಪಗಳಿದ್ದು ಪ್ರತಿಯೊಂದಕ್ಕೂ 0.44 ಬಂದರೆ ಒಟ್ಟು 2.2. ಅಂದರೆ ಪುಟ ಖಾಲಿ ಇದ್ದರೂ ಸರಾಸರಿ ಎರಡು ಸಲ ಆ ಹಳ್ಳಿಯ ಗೋಡೆಗಳು ಬಿರುಕು ಬಿಟ್ಟಿರಬೇಕು. ಯಾವ ಎರಡು ಎಂದು ಹೇಳಲಾಗುವುದಿಲ್ಲ. ಅದನ್ನು ಹೇಳುವ ಅಗತ್ಯವೂ ಇಲ್ಲ, ಎಷ್ಟು ಕಾಲಕ್ಕೊಮ್ಮೆ ಎಂಬುದೇ ಬೇಕಾದದ್ದು. ಇಟಲಿಯ ಸಂಶೋಧಕರು ದಾಖಲಾದ ತೀವ್ರತೆ ಮತ್ತು ಹೀಗೆ ಅಂದಾಜಿಸಿದ ತೀವ್ರತೆ ಎರಡನ್ನೂ ಸೇರಿಸಿ ಊರಿನ ಅಪಾಯ ಲೆಕ್ಕ ಹಾಕುವ ವಿಧಾನವನ್ನು ಬೆಳೆಸಿದ್ದಾರೆ.

ಇದೆಲ್ಲ ಮಾಡಿದ ಮೇಲೂ ಅದೃಷ್ಟದ ಪಾಲು ಉಳಿಯುತ್ತದೆ. ಸರಾಸರಿ 200 ವರ್ಷಕ್ಕೊಮ್ಮೆ ಜೋರು ಪೆಟ್ಟು ತಿನ್ನುವ ಊರು, ಯಾವುದೋ 100 ವರ್ಷ ಒಂದೂ ಪೆಟ್ಟಿಲ್ಲದೆ ಕಳೆಯುವ ಸಾಧ್ಯತೆ 61 ಪ್ರತಿಶತ. ಇಂಥ ನೂರು ಊರುಗಳಲ್ಲಿ ಅರುವತ್ತು ಊರಿನ ಅಜ್ಜಂದಿರು ಇಲ್ಲಿ ಯಾವತ್ತೂ ಆಗಿಲ್ಲ ಎಂದೇ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಅವರು ಕಂಡ ಕಾಲ ಚಿಕ್ಕದು, ಅಷ್ಟೇ.

ನೆಲದಲ್ಲಿ ಉಳಿದ ಗುರುತು

ಕಾಗದ ಸಾಲದಿದ್ದಾಗ ಮಣ್ಣನ್ನು ಕೇಳಬಹುದು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಾಸ್ಕೇಡಿಯಾದಲ್ಲಿ ದೊಡ್ಡ ಭೂಕಂಪದ ಲಿಖಿತ ದಾಖಲೆ ಇರಲಿಲ್ಲ. ಆದರೆ ಕರಾವಳಿಯುದ್ದಕ್ಕೂ ಉಪ್ಪುನೀರಿನಲ್ಲಿ ಸತ್ತು ನಿಂತ ಮರಗಳಿದ್ದವು. ಅವುಗಳ ಕೊನೆಯ ಉಂಗುರ 1699ರ ಬೆಳವಣಿಗೆಯದು. ಅತ್ತ ಜಪಾನಿನ ಕಡತಗಳಲ್ಲಿ 1700ರ ಜನವರಿ ಕೊನೆಗೆ ಸುನಾಮಿ ಬಂದದ್ದು ಬರೆದಿದೆ, ಆದರೆ ಅಲ್ಲಿ ಭೂಮಿ ನಡುಗಿದ್ದರ ಮಾತೇ ಇಲ್ಲ. ಅಲೆ ಸಾಗರ ದಾಟಲು ತಗಲುವ ಹೊತ್ತನ್ನು ಹಿಂದಕ್ಕೆ ಎಣಿಸಿದಾಗ ಸಿಕ್ಕ ದಿನಾಂಕ 1700ರ ಜನವರಿ 26ರ ರಾತ್ರಿ. ಗಾತ್ರ ಸುಮಾರು 9. ಕರಾವಳಿಯ ಮೂಲನಿವಾಸಿಗಳ ಕಥೆಗಳಲ್ಲಿ ನೆಲ ನಡುಗಿ ಸಮುದ್ರ ಏರಿ ಬಂದ ನೆನಪು ಇತ್ತು. ಅದನ್ನು ಬಹುಕಾಲ ಯಾರೂ ದಾಖಲೆ ಎಂದು ಎಣಿಸಿರಲಿಲ್ಲ.

ಜಪಾನಿನ ಸೆಂಡೈ ಬಯಲಿನ ಕಥೆ ನೋವಿನದು. 869ರಲ್ಲಿ ಅಲ್ಲಿ ಭಾರಿ ಭೂಕಂಪ ಮತ್ತು ಸುನಾಮಿ ಆದದ್ದು ರಾಜಮನೆತನದ ಚರಿತ್ರೆಯಲ್ಲಿ ಬರೆದಿತ್ತು. ಗದ್ದೆಗಳ ಕೆಳಗೆ ಸಮುದ್ರದ ಮರಳಿನ ಪದರ ಕಿಲೋಮೀಟರ್‌ಗಟ್ಟಲೆ ಒಳಗೆ ಹಬ್ಬಿರುವುದನ್ನು 2011ಕ್ಕೂ ಮೊದಲೇ ಸಂಶೋಧಕರು ತೋರಿಸಿದ್ದರು. ಅದು ಫುಕುಶಿಮಾ ಅಣು ಸ್ಥಾವರದ ರಕ್ಷಣಾ ಗೋಡೆಯ ಲೆಕ್ಕಕ್ಕೆ ಸಮಯಕ್ಕೆ ಸರಿಯಾಗಿ ಸೇರಲಿಲ್ಲ. 2011ರ ಮಾರ್ಚ್ 11ರ ಅಲೆ ಹೆಚ್ಚುಕಮ್ಮಿ ಅದೇ ಬಯಲನ್ನು ಮತ್ತೆ ಮುಳುಗಿಸಿತು. 2004ರ ಹಿಂದೂ ಮಹಾಸಾಗರದ ಸುನಾಮಿಯ ನಂತರ ಥಾಯ್ಲೆಂಡಿನ ಕರಾವಳಿಯಲ್ಲಿ ಅಗೆದಾಗಲೂ ಹಾಗೇ ಆಯಿತು. ಹೊಸ ಮರಳಿನ ಕೆಳಗೆ, ಸುಮಾರು ಆರು ಶತಮಾನದ ಹಿಂದಿನ ಇನ್ನೊಂದು ಮರಳಿನ ಪದರ ಸಿಕ್ಕಿತು.

ನೆಲ ಇನ್ನೊಂದು ದಿಕ್ಕಿನಲ್ಲೂ ಸಾಕ್ಷಿ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಂದರ ಮೇಲೊಂದು ಅಲುಗಾಡುವಂತೆ ನಿಂತ ಬಂಡೆಗಳಿವೆ. ಸಾವಿರಾರು ವರ್ಷದಿಂದ ಬಿದ್ದಿಲ್ಲ. ಅವುಗಳನ್ನು ಉರುಳಿಸುವಷ್ಟು ಕಂಪನ ಅಲ್ಲಿ ಆಗಿಲ್ಲ ಎಂದು ಇದರಿಂದ ಹೇಳಬಹುದು. ಕಾಗದದ ಮೌನ ಕೊಡದ ಭರವಸೆಯನ್ನು ಈ ಬಂಡೆಗಳು ಕೊಡುತ್ತವೆ. ಅಂದಾಜು ಅತಿಯಾಗಿದೆಯೇ ಎಂದು ಪರೀಕ್ಷಿಸಲು ಇವು ತುಂಬ ಉಪಯುಕ್ತ.

ಜಗಳ ಎಲ್ಲಿದೆ?

ಇತಿಹಾಸಕಾರರ ಆಕ್ಷೇಪ ನೇರವಾದದ್ದು. ಕಡತದಲ್ಲಿ ಇಲ್ಲದ್ದನ್ನು ಸೂತ್ರದಿಂದ ಹುಟ್ಟಿಸಿ ಪಟ್ಟಿಗೆ ಸೇರಿಸಿದರೆ, ಹತ್ತು ವರ್ಷದ ನಂತರ ಯಾವುದು ಕಂಡದ್ದು ಯಾವುದು ಲೆಕ್ಕ ಹಾಕಿದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮುಂದೆ ಯಾರೋ ಅದೇ ಪಟ್ಟಿಯಿಂದ ಹೊಸ ಸೂತ್ರ ತೆಗೆಯುತ್ತಾರೆ. ಆಗ ಸೂತ್ರ ತನ್ನನ್ನು ತಾನೇ ಸರಿ ಎಂದು ಹೇಳಿಕೊಂಡಂತೆ. ಈ ಭಯ ಸರಿಯಾದದ್ದು. ಅಂದಾಜಿನ ನಮೂದನ್ನು ಬೇರೆ ಕಾಲಮ್ಮಿನಲ್ಲಿ, ಬೇರೆ ಗುರುತಿನಲ್ಲಿ ಇಡಲೇಬೇಕು. ಇದರಲ್ಲಿ ರಾಜಿ ಇರಬಾರದು.

ಅಪಾಯ ಲೆಕ್ಕ ಹಾಕುವವರ ಉತ್ತರವೂ ಗಟ್ಟಿ. ಖಾಲಿ ಬಿಟ್ಟರೂ ನೀವು ಒಂದು ಸಂಖ್ಯೆ ತುಂಬಿದಂತೆಯೇ, ಆ ಸಂಖ್ಯೆ ಸೊನ್ನೆ ಎನ್ನುತ್ತಾರೆ ಅವರು. ನಕ್ಷೆ ಮಾಡುವ ಯಂತ್ರ ಖಾಲಿಯನ್ನು ಸೊನ್ನೆ ಎಂದೇ ಓದುತ್ತದೆ. ಎಲ್ಲ ಅಂದಾಜುಗಳಲ್ಲಿ ಸೊನ್ನೆಯೇ ಅತ್ಯಂತ ಆಧಾರವಿಲ್ಲದ ಅಂದಾಜು.

ಹಳೆಯ ಕಾಗದವನ್ನೇ ಬಿಡಿ, ಉಪಕರಣದ ದಾಖಲೆ ಮತ್ತು ಭೂಮಿಯ ಚಲನೆಯ ಜಿಪಿಎಸ್ ಅಳತೆ ಸಾಕು ಎನ್ನುವವರೂ ಇದ್ದಾರೆ. ಭೂಮಿಯ ಹೊರಪದರದ ಫಲಕಗಳು (ಪ್ಲೇಟುಗಳು) ವೇಗವಾಗಿ ಚಲಿಸುವ ಕಡೆ ಈ ಮಾತಿಗೆ ತೂಕ ಇದೆ. ಫಲಕದ ಒಳಭಾಗದಲ್ಲಿ ಇಲ್ಲ. ಕಿಲ್ಲಾರಿಯಂಥ ಜಾಗದಲ್ಲಿ ಭೂಮಿಯ ಒತ್ತಡ ಎಷ್ಟು ನಿಧಾನವಾಗಿ ಕೂಡುತ್ತದೆ ಎಂದರೆ ಜಿಪಿಎಸ್‌ಗೆ ಅದು ಸುಲಭಕ್ಕೆ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಸುಲಭದ ಉತ್ತರ ಇಲ್ಲ. ಭೂಮಿಯ ನಡವಳಿಕೆ ಬದಲಾಗಿಲ್ಲ ಎಂದು ಇಟ್ಟುಕೊಂಡೇ ಲೆಕ್ಕ ಶುರು ಮಾಡಿದೆವಲ್ಲ. ನಿಜದಲ್ಲಿ ಭೂಕಂಪಗಳು ಗುಂಪಾಗಿ ಬರುತ್ತವೆ. ಒಂದು ಪ್ರದೇಶ ನೂರಾರು ವರ್ಷ ಸುಮ್ಮನಿದ್ದು ಕೆಲವೇ ದಶಕಗಳಲ್ಲಿ ಹಲವು ಸಲ ಒಡೆಯಬಹುದು. ಆಗ ಹಿಂದಿನ ಶತಮಾನದ ಮೌನ ನಿಜವಾದ ಮೌನವೇ ಆಗಿರಬಹುದು. ನಾವು ಅದನ್ನು ದಾಖಲೆಯ ಕೊರತೆ ಎಂದು ತಪ್ಪಾಗಿ ತುಂಬಿಸುತ್ತೇವೆ. ಹಾಗಾಗಿ ಒಂದೇ ಉತ್ತರದ ಬದಲು, ಬೇರೆ ಬೇರೆ ಊಹೆಗಳಲ್ಲಿ ಬರುವ ಉತ್ತರಗಳ ಹರವನ್ನೇ ಕೊಡುವುದು ಪ್ರಾಮಾಣಿಕ ದಾರಿ.

ಸಂಖ್ಯೆ ಬದಲಾದರೆ ಏನಾಗುತ್ತದೆ?

ಒಂದು ಊರಿಗೆ 1,000 ವರ್ಷದ ಪಟ್ಟಿ ಇದೆ, ಅದರಲ್ಲಿ 4 ಜೋರು ಪೆಟ್ಟು. ಭಾಗಿಸಿದರೆ 250 ವರ್ಷಕ್ಕೊಮ್ಮೆ. ಆದರೆ ದಾಖಲೆ ನಂಬುವಂತಿರುವುದು ಕೊನೆಯ 300 ವರ್ಷಕ್ಕೆ ಮಾತ್ರ, ನಾಲ್ಕರಲ್ಲಿ 2 ಬಿದ್ದದ್ದು ಅದೇ ಅವಧಿಯಲ್ಲಿ. ಆಗ ಲೆಕ್ಕ 150 ವರ್ಷಕ್ಕೊಮ್ಮೆ. ಮುಂದಿನ 50 ವರ್ಷದಲ್ಲಿ ಪೆಟ್ಟು ಬೀಳುವ ಸಾಧ್ಯತೆ ಮೊದಲ ಲೆಕ್ಕದಲ್ಲಿ 18 ಪ್ರತಿಶತ, ಎರಡನೆಯದರಲ್ಲಿ 28. ಭೂಮಿಯಲ್ಲಿ ಏನೂ ಬದಲಾಗಿಲ್ಲ. ಖಾಲಿಯನ್ನು ಹೇಗೆ ಓದಿದೆವು ಎಂಬುದಷ್ಟೇ ಬದಲಾಯಿತು.

ಈ ಸಂಖ್ಯೆಯೇ ಕಟ್ಟಡ ನಿಯಮಕ್ಕೆ ಹೋಗುತ್ತದೆ. ಅನೇಕ ದೇಶಗಳ ನಿಯಮ, 50 ವರ್ಷದಲ್ಲಿ ಮೀರುವ ಸಾಧ್ಯತೆ 10 ಪ್ರತಿಶತ ಇರುವ ಕಂಪನವನ್ನು ತಡೆಯುವಂತೆ ಕಟ್ಟಬೇಕು ಎನ್ನುತ್ತದೆ. ಸರಾಸರಿಯಲ್ಲಿ ಅದು 475 ವರ್ಷಕ್ಕೊಮ್ಮೆ ಬರುವ ಕಂಪನ. 475 ವರ್ಷದ ಪೂರ್ತಿ ದಾಖಲೆ ಇರುವ ಊರುಗಳು ಭೂಮಿಯ ಮೇಲೆ ಎಷ್ಟಿವೆ? ತೀರಾ ಕಡಿಮೆ. ಆದ್ದರಿಂದ ಕೊರತೆಯ ಅಂದಾಜು ಯಾವುದೋ ಪ್ರಯೋಗಾಲಯದ ಹವ್ಯಾಸ ಅಲ್ಲ. ಕಂಬಕ್ಕೆ ಎಷ್ಟು ಕಬ್ಬಿಣ, ಹಳೆ ಶಾಲೆಯನ್ನು ಬಲಪಡಿಸಬೇಕೇ, ವಿಮೆಯ ಕಂತು ಎಷ್ಟು ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಎರಡೂ ಕಡೆ ತಪ್ಪಿಗೆ ಬೆಲೆ ಇದೆ. ಅಪಾಯವನ್ನು ಹೆಚ್ಚು ತೋರಿಸಿದರೆ ಬಡ ಊರಿನ ಮೇಲೆ ಖರ್ಚು ಬೀಳುತ್ತದೆ, ಮನೆ ಕಟ್ಟುವುದು ದುಬಾರಿ ಆಗುತ್ತದೆ, ಜನ ನಿಯಮವನ್ನೇ ಕಡೆಗಣಿಸುತ್ತಾರೆ. ಕಡಿಮೆ ತೋರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಟಲಿಯ ಸಾನ್ ಜೂಲಿಯಾನೊ ದಿ ಪುಲಿಯಾ ಸಾಕ್ಷಿ. 1908ರ ಮೆಸ್ಸಿನಾ ಭೂಕಂಪದ ನಂತರ ಇಟಲಿ ಅಪಾಯದ ಊರುಗಳ ಪಟ್ಟಿ ಮಾಡಿತು. ದಶಕಗಳ ಕಾಲ ಆ ಪಟ್ಟಿ ಬೆಳೆದದ್ದು ಒಂದೇ ರೀತಿಯಲ್ಲಿ. ಯಾವ ಊರಿಗೆ ಹಾನಿ ಆಗುತ್ತದೋ ಆ ಊರನ್ನು ಆಮೇಲೆ ಸೇರಿಸುವುದು. ಸಾನ್ ಜೂಲಿಯಾನೊ ಪಟ್ಟಿಯಲ್ಲಿ ಇರಲಿಲ್ಲ. 2002ರ ಅಕ್ಟೋಬರ್ 31ರಂದು ಅಲ್ಲಿನ ಶಾಲೆ ಕುಸಿದು 27 ಮಕ್ಕಳು, ಒಬ್ಬ ಶಿಕ್ಷಕಿ ಸತ್ತರು. ಮರುವರ್ಷವೇ ಇಟಲಿ ಇಡೀ ದೇಶದ ವಲಯಗಳನ್ನು ಹೊಸದಾಗಿ ಹಂಚಿತು. ಅಪಾಯವೇ ಇಲ್ಲ ಎನ್ನುವ ವರ್ಗವನ್ನು ಕೈಬಿಟ್ಟಿತು. ಭಾರತವೂ 2002ರ ಪರಿಷ್ಕರಣೆಯಲ್ಲಿ, ಕಿಲ್ಲಾರಿ ಇದ್ದ ಆ ಅತಿ ಕಡಿಮೆ ಅಪಾಯದ ಮೊದಲ ವಲಯವನ್ನು ತೆಗೆದು ಎರಡನೆಯದರಲ್ಲಿ ಸೇರಿಸಿತು.

ನಕ್ಷೆಯನ್ನು ಓದುವಾಗ

ಹೊಸ ನಕ್ಷೆ ಬಂದಾಗ ಬಣ್ಣ ನೋಡಿ ಗಾಬರಿಯಾಗುವುದಕ್ಕಿಂತ, ಬಣ್ಣ ನೋಡಿ ಸಿಟ್ಟಾಗುವುದಕ್ಕಿಂತ, ಕೆಲವು ಪ್ರಶ್ನೆ ಕೇಳುವುದು ಒಳ್ಳೆಯದು. ಈ ಊರಿಗೆ ಬಳಸಿದ ದಾಖಲೆ ಯಾವ ವರ್ಷದಿಂದ ಪೂರ್ತಿ ಎಂದು ಪರಿಗಣಿಸಿದ್ದಾರೆ? ಅದಕ್ಕೂ ಹಿಂದಿನ ಕಾಲವನ್ನು ಸೊನ್ನೆ ಮಾಡಿದ್ದಾರೋ, ಅಂದಾಜಿನಿಂದ ತುಂಬಿಸಿದ್ದಾರೋ? ಅಂದಾಜಿನ ಹರವು ಎಷ್ಟು? ಊರಿನ ಮಣ್ಣನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರಾ? ಇವಕ್ಕೆ ಉತ್ತರ ಇರುವ ನಕ್ಷೆಯ ಜೊತೆ ವಾದ ಮಾಡಬಹುದು. ಉತ್ತರ ಇಲ್ಲದ ನಕ್ಷೆಯನ್ನು ನಂಬುವುದೂ ಕಷ್ಟ, ತಿದ್ದುವುದೂ ಕಷ್ಟ.

ದಾಖಲೆಯ ಕೊರತೆ ಹಳೆಯ ಕಾಲಕ್ಕೆ ಮಾತ್ರ ಸೇರಿದ್ದಲ್ಲ ಎಂಬುದನ್ನೂ ಗಮನಿಸಬೇಕು. 1990ರ ದಶಕದ ಕೊನೆಯಿಂದ ಯುಎಸ್‌ಜಿಎಸ್ ಅಂತರ್ಜಾಲದಲ್ಲಿ ಜನರಿಂದ ನೇರವಾಗಿ ಅನುಭವ ಕೇಳುತ್ತಿದೆ. ಲಿಸ್ಬನ್ನಿನ ಪ್ರಶ್ನಾವಳಿಯ ಕೆಲಸವೇ ಅದು, ಆದರೆ ಉತ್ತರ ನಿಮಿಷಗಳಲ್ಲಿ ಬರುತ್ತದೆ. ಒಂದೊಂದು ಭೂಕಂಪಕ್ಕೆ ಸಾವಿರಾರು ವರದಿಗಳು. ಅವು ಹೆಚ್ಚಾಗಿ ಬರುವುದು ಫೋನು, ಕರೆಂಟು, ನೆಟ್‌ವರ್ಕ್ ಇರುವ ನಗರಗಳಿಂದ. ಅತಿ ಹೆಚ್ಚು ಪೆಟ್ಟು ತಿಂದ ಊರಿನಲ್ಲಿ ಟವರೇ ಬಿದ್ದಿರುತ್ತದೆ, ಫಾರಂ ತುಂಬುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ನಗರದ ಸುತ್ತ ಚುಕ್ಕೆಗಳ ರಾಶಿ, ನಡುವಿನ ಹಾಳಾದ ಹಳ್ಳಿಗಳ ಜಾಗದಲ್ಲಿ ಏನೂ ಇಲ್ಲ. ತಂಡಗಳು ವಾರಗಳೊಳಗೆ ಆ ಹಳ್ಳಿಗಳಿಗೆ ನಡೆದು ಹೋಗಿ ಮನೆ ಮನೆಯ ಹಾನಿಯನ್ನು ಬರೆದುಕೊಳ್ಳದಿದ್ದರೆ, ಅವಶೇಷ ತೆಗೆದು ಹೊಸ ಮನೆ ಕಟ್ಟಿದ ಮೇಲೆ ಅಲ್ಲಿನ ತೀವ್ರತೆಯನ್ನೂ ಮುಂದಿನವರು ಸೂತ್ರದಿಂದಲೇ ಅಂದಾಜು ಮಾಡಬೇಕಾಗುತ್ತದೆ.